ಗುಂಡ್ಲುಪೇಟೆಗೆ ಸೊನ್ನೆ ಮಳೆ ಬರೆದವರು ಯಾರು?

ಮಳೆಯ ಲೆಕ್ಕ ಹಾಕುವ ಫಂಕ್ಷನ್ ಮೊದಲು ತನಗೆ ಕೊಟ್ಟ ತಾಲ್ಲೂಕಿನ ಹೆಸರನ್ನು ಪರೀಕ್ಷಿಸಬೇಕು, ಹೊಂದದಿದ್ದರೆ ಅಲ್ಲೇ ನಿಲ್ಲಬೇಕು ಎಂಬುದು ನನ್ನ ವಾದ. ಆರ್ ಭಾಷೆಯಲ್ಲಿ ಅಂಕಿಅಂಶದ ಕೆಲಸ ಮಾಡುವ ಕೆಲವು ಗೆಳೆಯರಿಗೆ ಇದು ಅತಿ ಮಡಿ ಅನ್ನಿಸಿದೆ. ಅವರ ಆಕ್ಷೇಪಗಳಿಗೆ ಉತ್ತರ ಹೇಳಲು ಚಾಮರಾಜನಗರ ಜಿಲ್ಲೆಯೊಂದೇ ಸಾಕು.

"ತಪ್ಪು ಹೆಸರು ಕೊಟ್ಟರೆ ಆರ್ ತಾನೇ ಕೂಗಿಕೊಳ್ಳುತ್ತದೆ" ಎನ್ನುತ್ತಾರೆ. ಕೂಗುವುದಿಲ್ಲ, ಅದೇ ತಕರಾರು. ಕಡತದಲ್ಲಿ 'ಗುಂಡ್ಲುಪೇಟೆ' ಎಂದಿದೆ, ನೀವು 'ಗುಂಡ್ಲುಪೇಟ್' ಎಂದು ಕೊಟ್ಟಿರಿ ಅನ್ನಿ. ಒಂದು ಸಾಲೂ ಆಯ್ಕೆಯಾಗುವುದಿಲ್ಲ. ಗರಿಷ್ಠ ಮಳೆ ಕೇಳಿದರೆ ಒಂದು ಎಚ್ಚರಿಕೆಯಾದರೂ ಬರುತ್ತದೆ. ಮೊತ್ತ ಕೇಳಿದರೆ ತಣ್ಣಗೆ 0 ಎಂದುಬಿಡುತ್ತದೆ. ಆಗುಂಬೆಯ ಮುಂಗಾರಿಗೆ ಸೊನ್ನೆ ಬಂದಿದ್ದರೆ ಎಲ್ಲರೂ ಅನುಮಾನ ಪಡುತ್ತಿದ್ದರು. ಘಟ್ಟದ ಮಳೆನೆರಳಿನ ಗುಂಡ್ಲುಪೇಟೆಯಲ್ಲಿ ಯಾವುದೋ ವಾರ 0 ಮಿ.ಮೀ. ಎಂದರೆ ಯಾರೂ ಮರುಪ್ರಶ್ನೆ ಹಾಕುವುದಿಲ್ಲ. ಕೇಂದ್ರದ 2016ರ ಬರ ನಿರ್ವಹಣಾ ಕೈಪಿಡಿಯಲ್ಲಿ ಮಳೆ ಕೊರತೆ ಅಥವಾ ಸತತ ಒಣ ವಾರಗಳೇ ಮೊದಲ ಕಡ್ಡಾಯ ಸೂಚಕ. 2023ರಲ್ಲಿ ರಾಜ್ಯದ 223 ತಾಲ್ಲೂಕುಗಳು ಬರಪೀಡಿತವೆಂದು ಘೋಷಣೆಯಾದವು. ಅಂಥ ವರ್ಷ ಬಾರದ ಮಳೆಯೂ ಸಿಗದ ಸಾಲೂ ಒಂದೇ ಸೊನ್ನೆಯಾಗಿ ಕಂಡರೆ ಬೇರ್ಪಡಿಸುವವರು ಯಾರು?

ಒಂದರ ಬದಲು ಎರಡು ಹೆಸರು ಕೊಟ್ಟಾಗಿನ ಕಥೆ ಇನ್ನೂ ಕೆಟ್ಟದ್ದು. ಸಮಚಿಹ್ನೆಯಿಂದ 'ಚಾಮರಾಜನಗರ', 'ಗುಂಡ್ಲುಪೇಟೆ' ಎರಡನ್ನೂ ಒಟ್ಟಿಗೆ ಹೋಲಿಸಿದರೆ ಆರ್ ಮೊದಲ ಸಾಲನ್ನು ಮೊದಲ ಹೆಸರಿನೊಡನೆ, ಎರಡನೆಯದನ್ನು ಎರಡನೆಯದರೊಡನೆ, ಮತ್ತೆ ಮೂರನೆಯದನ್ನು ಮೊದಲನೆಯದರೊಡನೆ ನೋಡುತ್ತಾ ಹೋಗುತ್ತದೆ. ಎಷ್ಟೋ ದಾಖಲೆಗಳು ಮಾಯ. ಸಾಲುಗಳ ಸಂಖ್ಯೆ ಸಮವಾಗಿದ್ದರೆ ಎಚ್ಚರಿಕೆಯೂ ಇಲ್ಲ. 'ಇಫ್' ಷರತ್ತಿನಲ್ಲಿ ಇಂಥದ್ದಕ್ಕೆ ಹಿಂದೆ ಎಚ್ಚರಿಕೆಯಷ್ಟೇ ಇತ್ತು, 2022ರ 4.2.0 ಆವೃತ್ತಿಯಲ್ಲಿ ಅದನ್ನು ದೋಷವೆಂದೇ ಮಾಡಿದರು. ಭಾಷೆ ಕಟ್ಟುವವರೇ ಬಿಗಿಯತ್ತ ಬಂದಿರುವಾಗ ಬಳಸುವ ನಮಗೇಕೆ ಸಡಿಲ?

"ಹಾಗಾದರೆ ಉದಾರವಾಗಿ ಹೊಂದಿಸೋಣ, ಅರ್ಧ ಬರೆದರೂ ಅರ್ಥ ಮಾಡಿಕೊಳ್ಳಲಿ" ಎಂಬುದು ಮುಂದಿನ ಮಾತು. ಕೇಳಲು ಚೆನ್ನ. ಇದಕ್ಕೆಂದೇ 'ಮ್ಯಾಚ್.ಆರ್ಗ್' ಇದೆ, ನಾನೂ ಬಳಸುತ್ತೇನೆ, ಆದರೆ ವಿಧಾನದ ಹೆಸರು ಆರಿಸಲು ಮಾತ್ರ. ಊರ ಹೆಸರಿಗೆ ಅದು ಅಪಾಯಕಾರಿ. ಗುಂಡ್ಲುಪೇಟೆ ತಾಲ್ಲೂಕಿನ ಹೋಬಳಿಗಳು ಕಸಬಾ, ಬೇಗೂರು, ತೆರಕಣಾಂಬಿ, ಹಂಗಳ. ಪಟ್ಟಿ ಇಂಗ್ಲಿಷ್ ಅಕ್ಷರದಲ್ಲಿದ್ದು, ಯಾರೋ ಹಾವೇರಿ ಜಿಲ್ಲೆಯ ಹಾನಗಲ್ಲಿನ ಹೆಸರನ್ನು ಇಂಗ್ಲಿಷಿನಲ್ಲಿ ರೂಢಿಯಂತೆ ಬರೆದು ಕೊಟ್ಟರೆ, ಅದು ಹಂಗಳದ ಇಂಗ್ಲಿಷ್ ಹೆಸರಿಗಿಂತ ಕೊನೆಯ ಒಂದಕ್ಷರ ಕಡಿಮೆ, ಅಷ್ಟೇ. 'ಮ್ಯಾಚ್.ಆರ್ಗ್' ಅದನ್ನು ಹಂಗಳವೆಂದೇ ಒಪ್ಪುತ್ತದೆ. ಹೆಸರಿನ ಬದಲು 'ನಲ್' ಹೋದರಂತೂ ಪಟ್ಟಿಯ ಮೊದಲ ಊರನ್ನೇ ಎತ್ತಿಕೊಡುತ್ತದೆ. ಅಕ್ಷರ ತಪ್ಪಿಲ್ಲದಿದ್ದರೂ ಸಾಲದು: ಬೇಗೂರು ಹೋಬಳಿ ಬೆಂಗಳೂರು ದಕ್ಷಿಣ ತಾಲ್ಲೂಕಿನಲ್ಲೂ ಇದೆ, ಕಸಬಾ ಹೋಬಳಿಗಂತೂ ರಾಜ್ಯದಲ್ಲಿ ಲೆಕ್ಕವಿಲ್ಲ. ತಾಲ್ಲೂಕು, ಹೋಬಳಿ ಎರಡನ್ನೂ ಸೇರಿಸಿಯೇ ಪರೀಕ್ಷಿಸಬೇಕು.

"ಕನ್ನಡ ಲಿಪಿಯೇ ಈ ರಗಳೆಗೆ ಮೂಲ, ಇಂಗ್ಲಿಷಿನಲ್ಲಿ ಇಟ್ಟರೆ ತಾಪತ್ರಯವಿಲ್ಲ" ಎಂದವರೂ ಇದ್ದಾರೆ. ಅರ್ಧ ನಿಜ. ಯೂನಿಕೋಡ್‌ನಲ್ಲಿ 'ಪೇ' ಎಂಬುದರ ಏತ್ವವನ್ನು ಒಂದೇ ಸಂಕೇತವಾಗಿಯೂ ಬರೆಯಬಹುದು, ಎತ್ವಕ್ಕೆ ದೀರ್ಘದ ಗುರುತು ಸೇರಿಸಿ ಎರಡು ಸಂಕೇತವಾಗಿಯೂ ಬರೆಯಬಹುದು. ಕಣ್ಣಿಗೆ ಎರಡೂ ಗುಂಡ್ಲುಪೇಟೆಯೇ. ಆರ್‌ನ ಸಮಚಿಹ್ನೆಗೆ ಬೇರೆ ಬೇರೆ ಊರು. ಕೊಳ್ಳೇಗಾಲದ 'ಕೊ', 'ಳ್ಳೇ' ಎರಡಕ್ಕೂ ಇದೇ ಪಾಡು. ಮದ್ದು ಮಾತ್ರ ಸುಲಭ: 'ಸ್ಟ್ರಿಂಗ್‌ಐ' ಪ್ಯಾಕೇಜ್‌ನಿಂದ ಹೆಸರುಗಳನ್ನೆಲ್ಲ ಎನ್‌ಎಫ್‌ಸಿ ರೂಪಕ್ಕೆ ತಂದು, ಆಚೀಚಿನ ಖಾಲಿ ಜಾಗ ಕತ್ತರಿಸಿ, ಆಮೇಲೆ ಹೋಲಿಸುವುದು. ಇಂಗ್ಲಿಷಿನಲ್ಲಿ ಬರೆದ ಚಾಮರಾಜನಗರಕ್ಕೆ ಅಂಥ ಮದ್ದಿಲ್ಲ. ನಡುವಿನ 'ಎ' ಒಬ್ಬರು ಇಡುತ್ತಾರೆ, ಒಬ್ಬರು ಬಿಡುತ್ತಾರೆ, ಕೊನೆಗೊಂದನ್ನು ಇನ್ನೊಬ್ಬರು ಅಂಟಿಸುತ್ತಾರೆ.

ವೇಗ ಕುಗ್ಗುತ್ತದೆ ಎಂಬ ಆಕ್ಷೇಪಕ್ಕೆ ಹೆಚ್ಚು ಹೇಳಬೇಕಿಲ್ಲ. ಐದು ತಾಲ್ಲೂಕಿನ ಪಟ್ಟಿಯಲ್ಲಿ ಒಂದು ಹೆಸರು ಹುಡುಕುವುದು ಕಂಪ್ಯೂಟರಿಗೆ ಕೆಲಸವೇ ಅಲ್ಲ.

"ಹೆಸರೇಕೆ, ಸರ್ಕಾರಿ ಸಂಕೇತ ಸಂಖ್ಯೆ ಬಳಸಿ" ಎಂಬ ಸಲಹೆಯನ್ನು ಒಪ್ಪುತ್ತೇನೆ. ಇದ್ದಲ್ಲಿ ಅದೇ ಮೇಲು. ಆದರೆ ಸಂಖ್ಯೆಯೂ ಕಡತದಲ್ಲಿ ಬಹಳ ಸಲ ಪಠ್ಯವಾಗಿಯೇ ಬರುತ್ತದೆ, ಮುಂದಿನ ಸೊನ್ನೆ ಉದುರಿಸಿಕೊಂಡು. ಪರೀಕ್ಷೆ ತಪ್ಪಿದ್ದಲ್ಲ.

ಉಳಿದದ್ದು "ನನ್ನ ಸ್ಕ್ರಿಪ್ಟ್, ನಾನೊಬ್ಬನೇ ಬಳಸುವುದು" ಎಂಬ ಸಮಾಧಾನ. ಬಳಸುವವರು ನೀವೊಬ್ಬರೇ ಇರಬಹುದು, ಅದರಿಂದ ಹೊರಟ ಕೋಷ್ಟಕವನ್ನು ಓದುವವರು ಬೇರೆ. 2020ರ 4.0.0 ಆವೃತ್ತಿಯಿಂದ 'ಸ್ಟಾಪ್‌ಇಫ್‌ನಾಟ್'ಗೆ ನಮ್ಮದೇ ಸಂದೇಶ ಕೊಡಬಹುದು, ಕನ್ನಡದಲ್ಲೂ. ಫಂಕ್ಷನ್‌ನ ಮೊದಲ ಸಾಲುಗಳಲ್ಲಿ ಅದನ್ನು ಬರೆಯಿರಿ: ಕೊಟ್ಟದ್ದು ಪಠ್ಯವೇ, ಒಂದೇ ಇದೆಯೇ, ಖಾಲಿಯಲ್ಲ ತಾನೇ, ಪಟ್ಟಿಯಲ್ಲಿ ಇದೆಯೇ. ಇಲ್ಲವಾದರೆ ಬಂದ ಹೆಸರನ್ನೂ ಇರಬೇಕಾದ ಹೆಸರುಗಳನ್ನೂ ತೋರಿಸಿ ನಿಲ್ಲಲಿ.