ಸೇವೆಯ ಹೆಸರಲ್ಲಿ ಸಂಬಳ ಕತ್ತರಿಸಬೇಡಿ

"ನರ್ಸಿಂಗ್ ಅಂದ್ರೆ ಸೇವೆ ಕಣಮ್ಮ. ಆ ಕಾನ್ವೆಂಟ್ ಸಿಸ್ಟರ್‌ಗಳನ್ನ ನೋಡಿ ಕಲೀರಿ."

ಬೆಂಗಳೂರಿನ ಹನುಮಂತನಗರದ ನಮ್ಮ ಮಹಡಿ ಮನೆಯಲ್ಲಿ ಬಾಡಿಗೆಗಿರುವ ಹುಡುಗಿ ಸಂಬಳ ಹೆಚ್ಚಿಸಿ ಎಂದದ್ದಕ್ಕೆ ಸಿಕ್ಕ ಉತ್ತರ ಇದು. ಹಾಸನದ ಕಡೆಯವಳು. ಜಿಎನ್ಎಂ ನರ್ಸಿಂಗ್ ಕೋರ್ಸ್ ಮುಗಿಸಿ ಸಣ್ಣದೊಂದು ನರ್ಸಿಂಗ್ ಹೋಮಿನಲ್ಲಿದ್ದಾಳೆ. ತಿಂಗಳಿಗೆ 14,000 ರೂಪಾಯಿ. ರಾತ್ರಿ ಪಾಳಿ 12 ಗಂಟೆ. ಬೆಳಿಗ್ಗೆ ಬರಬೇಕಾದವರು ಬರದಿದ್ದರೆ ಆ ಪಾಳಿಯೂ ಇವಳದೇ. ಇವಳನ್ನು ಓದಿಸಲು ಅಪ್ಪ ಮಾಡಿದ ಸಾಲ ಇನ್ನೂ ತೀರಿಲ್ಲ.

ನಾನೂ ನರ್ಸ್ ಆಗಿ ನಿವೃತ್ತಳಾದವಳು. ಕೆಲಸ ಕಲಿತದ್ದು ಕನ್ಯಾಸ್ತ್ರೀಯರ ಕೈಕೆಳಗೆ. ಬೆನ್ನು ಹುಣ್ಣಾಗದಂತೆ ರೋಗಿಯ ಮಗ್ಗುಲು ಬದಲಿಸುವುದರಿಂದ ಹಿಡಿದು ಸತ್ತವರ ಮೈ ತೊಳೆಯುವಾಗ ದನಿ ತಗ್ಗಿಸುವವರೆಗೆ ಎಲ್ಲವನ್ನೂ ಅವರೇ ಕಲಿಸಿದರು. ಅಂಥವರ ಹೆಸರು ಹೇಳಿ ಒಬ್ಬ ಹುಡುಗಿಯ ಹೊಟ್ಟೆಯ ಮೇಲೆ ಹೊಡೆದರೆ ನನಗೆ ಸುಮ್ಮನಿರಲಾಗದು.

ಸಿಸ್ಟರ್‌ಗಳನ್ನು ನೋಡಿ ಅನ್ನುತ್ತಾರಲ್ಲ, ನೋಡೋಣ. 1886ರಲ್ಲಿ ಗುಡ್ ಶೆಫರ್ಡ್ ಸಿಸ್ಟರ್‌ಗಳು ಆರಂಭಿಸಿದ ಸೇಂಟ್ ಮಾರ್ಥಾಸ್ ಆಸ್ಪತ್ರೆ ನಮ್ಮ ಕಡೆಯವರಿಗೆಲ್ಲ ಗೊತ್ತು. ವೈದ್ಯೆಯೂ ಕನ್ಯಾಸ್ತ್ರೀಯೂ ಆಗಿದ್ದ ಮೇರಿ ಗ್ಲೌರಿ ಅವರ ಹೆಸರು ಮಾತ್ರ ಅಷ್ಟಾಗಿ ಗೊತ್ತಿಲ್ಲ. 1887ರಲ್ಲಿ ಆಸ್ಟ್ರೇಲಿಯಾದ ವಿಕ್ಟೋರಿಯಾದಲ್ಲಿ ಹುಟ್ಟಿದವರು, ಮೆಲ್ಬರ್ನ್‌ನಲ್ಲಿ ವೈದ್ಯಕೀಯ ಓದಿದವರು. 1916ರಲ್ಲಿ ಅಲ್ಲಿನ ಕ್ಯಾಥೊಲಿಕ್ ಮಹಿಳೆಯರು ಒಂದು ಸಾಮಾಜಿಕ ಸಂಘ ಕಟ್ಟಿದಾಗ ಅದರ ಮೊದಲ ಅಧ್ಯಕ್ಷೆ ಇವರೇ. ಕ್ಯಾಥೊಲಿಕ್ ಧರ್ಮಸಭೆಯ ಸಾಮಾಜಿಕ ಬೋಧನೆಯನ್ನು ಓದಿ ಚರ್ಚಿಸುವುದು, ಹೆಣ್ಣುಮಕ್ಕಳ ಸ್ಥಿತಿ ಸುಧಾರಿಸುವುದು ಆ ಸಂಘದ ಕೆಲಸ. 1920ರಲ್ಲಿ ಆಂಧ್ರದ ಗುಂಟೂರಿಗೆ ಬಂದು ಜೆಎಂಜೆ (ಜೀಸಸ್ ಮೇರಿ ಜೋಸೆಫ್) ಎಂಬ ಕನ್ಯಾಸ್ತ್ರೀಯರ ಸಭೆ ಸೇರಿದರು. ಕನ್ಯಾಸ್ತ್ರೀಯರು ವೈದ್ಯವೃತ್ತಿ ಮಾಡಲು ಧರ್ಮಸಭೆಯ ಆಗಿನ ನಿಯಮ ಅಡ್ಡಬರುತ್ತಿತ್ತು. ಇವರಿಗೆ ಪೋಪ್ ಅವರಿಂದಲೇ ವಿಶೇಷ ಅನುಮತಿ ಬಂತು. ಊರಿನ ಹುಡುಗಿಯರಿಗೆ ಶುಶ್ರೂಷೆ, ಹೆರಿಗೆ ಕೆಲಸ, ಔಷಧ ಕೊಡುವ ಕೆಲಸ ಕಲಿಸಿದರು. 1943ರಲ್ಲಿ ಕ್ಯಾಥೊಲಿಕ್ ಆಸ್ಪತ್ರೆಗಳ ಸಂಘ ಸ್ಥಾಪಿಸಿದರು. ಒಂದು ವೈದ್ಯಕೀಯ ಕಾಲೇಜು ಆಗಬೇಕೆಂಬ ಹಂಬಲವಿತ್ತು. 1957ರ ಮೇ 5ರಂದು ಇದೇ ಬೆಂಗಳೂರಿನಲ್ಲಿ ತೀರಿಕೊಂಡರು. ಅವರು ಹಂಬಲಿಸಿದಂಥ ಕಾಲೇಜು, ಇಲ್ಲಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜು, ಶುರುವಾದದ್ದು 1963ರಲ್ಲಿ.

ಇಂಥವರು ಬಡತನದ ವ್ರತ ತೊಟ್ಟದ್ದು ತಾವಾಗಿ. ಅವರ ಊಟ, ವಸತಿ, ಮುಪ್ಪಿನ ಆರೈಕೆ ಎಲ್ಲ ಸಭೆಯ ಹೊಣೆ. ಹಾಸನದ ಹುಡುಗಿ ಯಾವ ವ್ರತವನ್ನೂ ತೊಟ್ಟಿಲ್ಲ. ಬಾಡಿಗೆ ಕಟ್ಟಬೇಕು, ತಮ್ಮನ ಫೀಸು ಕಳಿಸಬೇಕು, ನಾಳೆ ಅವಳಿಗೇ ಜ್ವರ ಬಂದರೆ ಔಷಧಕ್ಕೂ ಅವಳದೇ ದುಡ್ಡು. ಒಬ್ಬರ ತ್ಯಾಗವನ್ನು ಇನ್ನೊಬ್ಬರ ತಲೆಗೆ ಕಟ್ಟುವುದು ಅನ್ಯಾಯ.

"ಒಪ್ಪಿಕೊಂಡೇ ಸೇರಿದ್ದಾಳಲ್ಲ" ಎಂಬ ಮಾತೂ ಬರುತ್ತದೆ. ಇದಕ್ಕೆ ಉತ್ತರವನ್ನು 1891ರಲ್ಲೇ ಪೋಪ್ 13ನೇ ಲಿಯೊ 'ರೇರುಮ್ ನೋವಾರುಮ್' ಎಂಬ ವಿಶ್ವಪತ್ರದಲ್ಲಿ ಬರೆದಿಟ್ಟಿದ್ದಾರೆ. ಬೇರೆ ದಾರಿಯಿಲ್ಲದೆ ಒಬ್ಬ ಕೆಲಸಗಾರ ಕಡಿಮೆ ಕೂಲಿಗೆ ಒಪ್ಪಿದರೆ ಅದು ಒಪ್ಪಂದವಲ್ಲ, ಬಲಾತ್ಕಾರ. ಬದುಕಲು ಸಾಲುವಷ್ಟು ಕೂಲಿ ಯಾವ ಚೌಕಾಸಿಗಿಂತಲೂ ಮೇಲಿನದು ಎಂಬುದು ಅವರ ವಾದ. ಕ್ಯಾಥೊಲಿಕಳಲ್ಲದ ನನಗೂ ಇದರಲ್ಲಿ ಒಪ್ಪದಿರಲು ಏನೂ ಕಾಣಲಿಲ್ಲ.

ನರ್ಸ್‌ಗಳ ಈ ಪಾಡನ್ನು ನಮ್ಮ ಸುಪ್ರೀಂ ಕೋರ್ಟೂ ಗಮನಿಸದೆ ಬಿಟ್ಟಿಲ್ಲ. ಅದರ ಆದೇಶದಂತೆ 2016ರಲ್ಲಿ ರಚನೆಯಾದ ಸಮಿತಿ, 50ಕ್ಕಿಂತ ಕಡಿಮೆ ಹಾಸಿಗೆಯ ಖಾಸಗಿ ಆಸ್ಪತ್ರೆಯಲ್ಲೂ ನರ್ಸ್ ಸಂಬಳ 20,000 ರೂಪಾಯಿಗಿಂತ ಕೆಳಗಿರಬಾರದು, ಹಾಸಿಗೆಗಳು 200 ದಾಟಿದರೆ ಸರ್ಕಾರಿ ನರ್ಸ್‌ಗಳಿಗೆ ಸಮನಾಗಿರಬೇಕು ಎಂದು ಶಿಫಾರಸು ಮಾಡಿತು. ಇಷ್ಟು ವರ್ಷಗಳ ಮೇಲೂ ನಮ್ಮ ಹುಡುಗಿಯ ಕೈಗೆ ಬರುತ್ತಿರುವುದು 14,000.

ಇದಕ್ಕೊಂದು ದಾರಿಯಿದೆ. ಕರ್ನಾಟಕದ ಖಾಸಗಿ ವೈದ್ಯಕೀಯ ಸಂಸ್ಥೆಗಳ (ಕೆಪಿಎಂಇ) ಕಾಯ್ದೆಯಂತೆ ಖಾಸಗಿ ಆಸ್ಪತ್ರೆಗಳು ಚಿಕಿತ್ಸೆಯ ದರಪಟ್ಟಿ ತೂಗುಹಾಕಬೇಕು. ನರ್ಸ್‌ಗಳಿಗೆ ಕೊಡುವ ಕನಿಷ್ಠ ಸಂಬಳವನ್ನೂ ಆ ಪಟ್ಟಿಯ ಪಕ್ಕದಲ್ಲೇ ಬರೆಯುವಂತಾಗಲಿ. ನೋಂದಣಿ ನವೀಕರಣಕ್ಕೆ ಬಂದಾಗ ಸಂಬಳ ಬ್ಯಾಂಕ್ ಖಾತೆಗೆ ಹೋದ ದಾಖಲೆಯನ್ನು ಆರೋಗ್ಯ ಇಲಾಖೆ ಕೇಳಲಿ. ಈ ಲೆಕ್ಕವನ್ನು ಎಲ್ಲರಿಗಿಂತ ಮೊದಲು ತಾವಾಗಿಯೇ ಗೋಡೆಗೆ ಅಂಟಿಸಬೇಕಾದವರು ಸಿಸ್ಟರ್‌ಗಳು ನಡೆಸುವ ಆಸ್ಪತ್ರೆಯವರು. ನಮಗೆ ಕೆಲಸ ಕಲಿಸಿದವರಿಂದ ಅಷ್ಟನ್ನು ಕೇಳುವ ಸಲಿಗೆ ನನಗಿದೆ.