ನಾವು ನಕ್ಕಿದ್ದು ಶಿನ್‌ಚಾನ್‌ನ ಅಪ್ಪನನ್ನು ನೋಡಿ!

ಮೊನ್ನೆ ಭಾನುವಾರ ಅಕ್ಕನ ಮಗ ಟಿ.ವಿ. ಮುಂದೆ ಕೂತು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ. ನೋಡಿದರೆ ಅದೇ ಶಿನ್‌ಚಾನ್! ಅದೇ ದಪ್ಪ ಹುಬ್ಬು, ಅದೇ ರಾಗ ಎಳೆಯುವ ಮಾತು. ಕೆಲಸಕ್ಕೆ ಅರ್ಜಿ ತುಂಬುತ್ತಿದ್ದ ನಾನೂ ಲ್ಯಾಪ್‌ಟಾಪ್ ಮುಚ್ಚಿಟ್ಟು ಅವನ ಪಕ್ಕ ಕೂತೆ. ಸ್ವಲ್ಪ ಹೊತ್ತಿಗೆ ಒಂದು ವಿಷಯ ಗಮನಕ್ಕೆ ಬಂತು. ಅವನು ಶಿನ್‌ಚಾನ್‌ನನ್ನು ನೋಡುತ್ತಿದ್ದ, ನಾನು ಶಿನ್‌ಚಾನ್‌ನ ಅಪ್ಪ ಹ್ಯಾರಿಯನ್ನು ನೋಡುತ್ತಿದ್ದೆ.

ಈ ಕಾರ್ಟೂನು 2006ರಲ್ಲಿ ಹಂಗಾಮಾ ಚಾನೆಲ್‌ನಲ್ಲಿ ಹಿಂದಿಯಲ್ಲಿ ಶುರುವಾಯಿತು. ಶಾಲೆಯ ಪಾಠಕ್ಕಿಂತ ಹೆಚ್ಚು ಹಿಂದಿಯನ್ನು ನಾನು ಅದರಿಂದಲೇ ಕಲಿತೆ. ಮಕ್ಕಳು ಹಾಳಾಗುತ್ತಾರೆ ಎಂಬ ದೂರು ಬಂದು 2008ರಲ್ಲಿ ಸರ್ಕಾರ ಅದನ್ನು ನಿಷೇಧಿಸಿತು. ಮರುವರ್ಷ ಕತ್ತರಿ ಹಾಕಿಸಿಕೊಂಡು ವಾಪಸ್ ಬಂತು. ಆ ದಿನಗಳಲ್ಲಿ ಹ್ಯಾರಿ ಎಂದರೆ ನಮಗೆ ತಮಾಷೆಯ ವಸ್ತು. ನಾರುವ ಸಾಕ್ಸ್, ಹೆಂಡತಿ ಮಿತ್ಸಿಯ ಬೈಗುಳ, ಅವಳು ಎಣಿಸಿ ಕೊಡುವ ಕೈಖರ್ಚಿನ ದುಡ್ಡು, ಇನ್ನೂ 32 ವರ್ಷ ಕಟ್ಟಬೇಕಾದ ಮನೆ ಸಾಲ. ದೊಡ್ಡವನಾದ ಮೇಲೆ ಹೀಗಂತೂ ಆಗಬಾರದು ಅಂದುಕೊಂಡಿದ್ದೆ.

ಈಗ ಲೆಕ್ಕ ಹಾಕಿ ನೋಡಿ. ಜಪಾನಿ ಮೂಲದಲ್ಲಿ ಹಿರೋಶಿ ಎಂಬ ಹೆಸರಿನ ಈತನ ವಯಸ್ಸು 35. ಕಾಯಂ ಕೆಲಸ. ಟೋಕಿಯೊಗೆ ಹತ್ತಿರದ ಕಸುಕಾಬೆಯಲ್ಲಿ ಎರಡು ಅಂತಸ್ತಿನ ಸ್ವಂತ ಮನೆ, ಕಾರು, ಇಬ್ಬರು ಮಕ್ಕಳು, ಒಂದು ನಾಯಿ. ಇಷ್ಟೂ ನಡೆಯುವುದು ಒಬ್ಬನ ಸಂಬಳದಲ್ಲಿ!

ಯೋಶಿತೊ ಉಸುಯಿ ಈ ಕಥೆಯನ್ನು ಚಿತ್ರಕಥಾ ಮಾಲೆಯಾಗಿ ಆರಂಭಿಸಿದ್ದು 1990ರಲ್ಲಿ. ಟಿ.ವಿ.ಗೆ ಬಂದಿದ್ದು 1992ರಲ್ಲಿ. ಆಗಿನ ಜಪಾನಿನಲ್ಲಿ ಹಿರೋಶಿಯಂಥವರು ಬೀದಿಗೊಬ್ಬರಿದ್ದರು. ಆದ್ದರಿಂದಲೇ ಅವನ ಪಾಡು ನಗು ತರಿಸುತ್ತಿತ್ತು. ಆದರೆ ಅದೇ ಹೊತ್ತಿಗೆ ಅಲ್ಲಿ ವಿಪರೀತ ಏರಿದ್ದ ಷೇರು ಮತ್ತು ಜಮೀನಿನ ಬೆಲೆ ಕುಸಿಯತೊಡಗಿತ್ತು. ಕಂಪನಿಗಳು ಒಳಗಿದ್ದ ಕಾಯಂ ನೌಕರರನ್ನು ಆದಷ್ಟು ಉಳಿಸಿಕೊಂಡವು, ಹೊಸಬರ ನೇಮಕಾತಿಗೆ ಬಾಗಿಲು ಮುಚ್ಚಿದವು. ಪೆಟ್ಟು ಬಿದ್ದಿದ್ದು ಆಗಷ್ಟೇ ಪದವಿ ಮುಗಿಸಿದವರಿಗೆ. ಆ ಹತ್ತು ಹನ್ನೆರಡು ವರ್ಷಗಳನ್ನು ಜಪಾನೀಯರು ‘ಉದ್ಯೋಗದ ಹಿಮಯುಗ’ ಎನ್ನುತ್ತಾರೆ.

ಅಲ್ಲಿನ ದೊಡ್ಡ ಕಂಪನಿಗಳು ಕಾಲೇಜಿನಿಂದ ನೇರವಾಗಿ ಬಂದವರನ್ನೇ ತೆಗೆದುಕೊಳ್ಳುವುದು ರೂಢಿ. ಆ ವರ್ಷ ತಪ್ಪಿದರೆ ಮುಂದೆ ಒಳಗೆ ಹೋಗುವುದು ಬಹಳ ಕಷ್ಟ. ಹೀಗೆ ಹೊರಗುಳಿದ ಅನೇಕರು ತಾತ್ಕಾಲಿಕ ಕೆಲಸಗಳಲ್ಲೇ ವಯಸ್ಸು ಕಳೆದರು. 1990ರಲ್ಲಿ ಐವರಲ್ಲಿ ಒಬ್ಬರಷ್ಟೇ ಕಾಯಂ ಅಲ್ಲದ ನೌಕರರಿದ್ದರು. ಈಗ ಮೂವರಲ್ಲಿ ಒಬ್ಬರಿಗಿಂತ ಹೆಚ್ಚು. ಆ ಪೀಳಿಗೆಗಾಗಿಯೇ ಸರ್ಕಾರ 2019ರಲ್ಲಿ ನೆರವಿನ ಯೋಜನೆ ಪ್ರಕಟಿಸುವ ಹೊತ್ತಿಗೆ ಅವರಲ್ಲಿ ಬಹಳಷ್ಟು ಮಂದಿಗೆ ನಲವತ್ತು ದಾಟಿತ್ತು. ಮದುವೆ, ಮಕ್ಕಳು ಕೂಡ ದುಬಾರಿಯಾದವು. 2024ರಲ್ಲಿ ಜಪಾನಿನಲ್ಲಿ ಹುಟ್ಟಿದ ಮಕ್ಕಳ ಸಂಖ್ಯೆ ಮೊದಲ ಬಾರಿಗೆ ಏಳು ಲಕ್ಷಕ್ಕಿಂತ ಕೆಳಗಿಳಿಯಿತು. ಕಾರಣಗಳು ಹಲವು, ಭದ್ರತೆಯಿಲ್ಲದ ಕೆಲಸವೂ ಅದರಲ್ಲೊಂದು.

ಶಿನ್‌ಚಾನ್‌ಗೆ ಇಂದಿಗೂ ಐದೇ ವರ್ಷ, ಅಪ್ಪನ ಸಾಲವೂ ತೀರಿಲ್ಲ. ಕಾರ್ಟೂನು ನಿಂತಲ್ಲೇ ನಿಂತಿದೆ, ಸುತ್ತಲಿನ ದೇಶ ಬದಲಾಗಿದೆ. ಹಾಗಾಗಿ ಹಿರೋಶಿಯನ್ನು ‘ಗೆದ್ದವನು’ ಎನ್ನುವವರು ಈಗ ಜಪಾನಿನಲ್ಲೇ ಇದ್ದಾರೆ.

ಹಾಗೆಂದು ಆ ಕಾಲವೇ ಚಿನ್ನದಂಥದ್ದು ಎನ್ನಲಾರೆ. ಹ್ಯಾರಿ ರಾತ್ರಿಯವರೆಗೆ ಆಫೀಸಿನಲ್ಲಿ ಇರಲು ಸಾಧ್ಯವಾಗಿದ್ದು, 29ರ ಮಿತ್ಸಿ ಸಂಬಳವಿಲ್ಲದೆ ಇಡೀ ದಿನ ಮನೆಯಲ್ಲಿ ದುಡಿದದ್ದರಿಂದ. ನಮಗೆ ಬೇಕಿರುವುದು ಅವನ ಮನೆಯಲ್ಲಿದ್ದ ಭದ್ರತೆ, ಅವಳ ಪಾಲಿನ ಆ ದಣಿವಲ್ಲ.

ನಮ್ಮ ಕಥೆ ಜಪಾನಿನದ್ದೇ ಅಲ್ಲ. ಅಲ್ಲಿ ಯುವಕರು ಕಡಿಮೆ, ಇಲ್ಲಿ ಹುದ್ದೆಗಳು ಕಡಿಮೆ. ಆದರೆ 2023ರಲ್ಲಿ ಐ.ಟಿ. ಕಂಪನಿಗಳು ಹೊಸಬರ ನೇಮಕಾತಿಯನ್ನು ತಗ್ಗಿಸಿದಾಗ ನಮ್ಮ ಕ್ಯಾಂಪಸ್‌ಗಳಲ್ಲಿ ಆವರಿಸಿದ ಮೌನ ನೆನಪಿದೆಯಲ್ಲ? ಸಂದರ್ಶನದಲ್ಲಿ ‘ಪದವಿ ಮುಗಿದು ಎರಡು ವರ್ಷ ಏನು ಮಾಡ್ತಿದ್ರಿ?’ ಎಂದು ಕೇಳಿದಾಗ ತಲೆ ತಗ್ಗಿಸುತ್ತೇವಲ್ಲ? ಹಿಮಯುಗದ ಪೀಳಿಗೆಯೂ ತಪ್ಪು ತನ್ನದೇ ಎಂದುಕೊಂಡು ಸುಮ್ಮನಿತ್ತು. ಅವರು ಓದಿದ್ದು ಕಡಿಮೆಯಾಗಿರಲಿಲ್ಲ, ಕೆಟ್ಟ ವರ್ಷದಲ್ಲಿ ಪದವಿ ಮುಗಿಸಿದ್ದರು ಅಷ್ಟೆ. ಆ ಖಾಲಿ ವರ್ಷಗಳನ್ನು ನಮ್ಮ ಅಯೋಗ್ಯತೆ ಎಂದು ಓದುವುದನ್ನು ಕಂಪನಿಗಳು ಬಿಡಬೇಕು. ಅದಕ್ಕೂ ಮೊದಲು ನಾವು ಬಿಡಬೇಕು.

ಅಕ್ಕನ ಮಗ ಇನ್ನೂ ನಗುತ್ತಿದ್ದ. ಪರದೆಯ ಮೇಲೆ ಹ್ಯಾರಿ ಸುಸ್ತಾಗಿ ಬಂದು ಸಾಕ್ಸ್ ಬಿಚ್ಚುತ್ತಿದ್ದ. ನಾನು ಲ್ಯಾಪ್‌ಟಾಪ್ ತೆರೆದು ಅರ್ಧಕ್ಕೆ ಬಿಟ್ಟಿದ್ದ ಅರ್ಜಿಯನ್ನು ಮುಗಿಸಿದೆ.