ಭಾಷಾಂತರದ ಭೂತಕಾಲ

ಕಳೆದ ತಿಂಗಳು ವಿಜಯನಗರದ ನಿವೃತ್ತ ಶಿರಸ್ತೆದಾರರೊಬ್ಬರು ನಮ್ಮ ಕಚೇರಿಗೆ ದಯಮಾಡಿಸಿ, ನಾಲ್ಕಾಗಿ ಮಡಿಸಿ ಜೇಬಿನಲ್ಲಿಟ್ಟು ತಂದಿದ್ದ ನಮ್ಮದೇ ಪತ್ರಿಕೆಯ ಹಾಳೆಯೊಂದನ್ನು ಮೇಜಿನ ಮೇಲೆ ಹರಡಿದರು. ಕೆಂಗೇರಿ ಉಪನಗರದಾಚೆಯ ಬಡಾವಣೆಯೊಂದರಲ್ಲಿ ಅವರ ಮಗಳ ಮನೆಯಿರುವುದು. ಆ ಬಡಾವಣೆಯ ವಿಷಯವಾಗಿ ನಾವು ಅಚ್ಚು ಹಾಕಿದ್ದ ವಾಕ್ಯವಿದು: “ಒಳಚರಂಡಿಯ ಕೆಲಸಕ್ಕೆ ಅನುಮೋದನೆ ದೊರೆತಿತ್ತು ಎಂದು ಅಧಿಕಾರಿಗಳು ಹೇಳಿದರು.” ಶಿರಸ್ತೆದಾರರು ಅದರ ಮೇಲೆ ಬೆರಳಿಟ್ಟು, “ದೊರೆತಿತ್ತು ಎಂದರೆ ಈಗ ಇಲ್ಲವೆಂದಲ್ಲವೆ ಸ್ವಾಮಿ? ಯಾವಾಗ ರದ್ದಾಯಿತು?” ಎಂದು ಕೇಳಿದರು. ಬಡಾವಣೆಯವರೆಲ್ಲ ಸೇರಿ ಮನವಿಗೆ ಸಹಿ ಹಾಕಿಸಲು ಆಗಲೇ ತೊಡಗಿದ್ದರಂತೆ.

ಮೂಲದ ಕಾಗದವನ್ನು ತರಿಸಿ ನೋಡಿದೆವು. ಕಚೇರಿಯೊಂದರಿಂದ ಬಂದಿದ್ದ ಇಂಗ್ಲಿಷು ಪ್ರಕಟಣೆ ಅದು. ಅದರಲ್ಲಿ ‘ಸೆಡ್’ ಎಂಬ ಕ್ರಿಯಾಪದದ ತರುವಾಯ ‘ಹ್ಯಾಡ್ ಬೀನ್ ಅಬ್ಟೇನ್ಡ್’ ಎಂದಿದ್ದಿತು. ರದ್ದಿನ ಮಾತೇ ಇರಲಿಲ್ಲ. ಅನುಮೋದನೆಯು ಇದ್ದಲ್ಲಿಯೇ ಇದ್ದಿತು. ಅದನ್ನು ರದ್ದುಪಡಿಸಿದವರು ನಾವು. ನಮ್ಮ ಉಪಸಂಪಾದಕನು ಇಂಗ್ಲಿಷು ಬಾರದವನಲ್ಲ, ಬಹು ಚೆನ್ನಾಗಿ ಬಲ್ಲವನು. ಬಲ್ಲವನಾದುದರಿಂದಲೇ ‘ಹ್ಯಾಡ್’ ಕಂಡೊಡನೆ ‘ಇತ್ತು’ ಎಂದು ಬರೆದನು.

ಈ ತಪ್ಪು ನಮ್ಮೊಬ್ಬರ ಮನೆಯದಲ್ಲ. ದಿನಬೆಳಗಾದರೆ ಇಂಗ್ಲಿಷಿನಲ್ಲಿ ಬಂದ ಸಮಾಚಾರವನ್ನು ಕನ್ನಡಿಸಿ ಕೊಡುವ ಪ್ರತಿಯೊಂದು ಪತ್ರಿಕೆಯಲ್ಲಿಯೂ, ಸರ್ಕಾರದ ಸುತ್ತೋಲೆಗಳಲ್ಲಿಯೂ ಇದನ್ನು ಕಾಣಬಹುದು. ಆದುದರಿಂದ ಇಂಗ್ಲಿಷರು ಇನ್ನೊಬ್ಬರ ಮಾತನ್ನು ಹೇಗೆ ವರದಿಮಾಡುವರು, ನಾವು ಹೇಗೆ ಮಾಡುವೆವು ಎಂಬುದನ್ನು ಸ್ವಲ್ಪ ನಿಂತು ನೋಡುವುದು ಯುಕ್ತವೆಂದು ತೋರುವುದು.

ಕನ್ನಡದ ರೀತಿ ಸರಳವಾದುದು. ‘ಎನ್ನು’ ಎಂಬ ಧಾತುವಿನಿಂದ ಹುಟ್ಟಿದ ‘ಎಂದು’ ಎಂಬೊಂದು ಮಾತನ್ನು ಇಟ್ಟುಬಿಟ್ಟರೆ, ಅದರ ಹಿಂದಣ ವಾಕ್ಯವು ಮೊದಲು ಆಡಿದವನ ಬಾಯಲ್ಲಿ ಯಾವ ಕಾಲದಲ್ಲಿದ್ದಿತೋ ಅದೇ ಕಾಲದಲ್ಲಿ ಉಳಿಯುವುದು. ಪಾಠಶಾಲೆಯಲ್ಲಿ ಸಂಸ್ಕೃತದ ‘ಇತಿ’ಯನ್ನು ಕಲಿತವರಿಗೆ ಇದು ಹೊಸತಲ್ಲ. “ಉಂಡೆ” ಎಂದನು; “ಉಂಡಿದ್ದೇನೆ” ಎಂದನು; “ಉಂಡಿದ್ದೆ” ಎಂದನು. ಮೂರೂ ಬೇರೆ ಬೇರೆ. ಮೊದಲನೆಯದು ನಡೆದ ಸಂಗತಿ. ಎರಡನೆಯದರಲ್ಲಿ ಹೊಟ್ಟೆ ಈಗಲೂ ತುಂಬಿದೆ. ಮೂರನೆಯದರಲ್ಲಿ ಉಂಡದ್ದು ಹಿಂದಿನ ಮಾತಾಯಿತು, ಆಮೇಲೆ ಬೇರೇನೋ ಆಗಿದೆ.

ಇಂಗ್ಲಿಷಿನಲ್ಲಾದರೋ, ಮುಖ್ಯ ಕ್ರಿಯೆ ಭೂತಕಾಲದಲ್ಲಿದ್ದರೆ ಒಳಗಣ ಕ್ರಿಯೆಯೂ ಒಂದು ಹೆಜ್ಜೆ ಹಿಂದಕ್ಕೆ ಸರಿಯುವುದು ವಾಡಿಕೆ. ಉಂಡೆ ಎಂದರೂ, ಉಂಡಿದ್ದೇನೆ ಎಂದರೂ, ಉಂಡಿದ್ದೆ ಎಂದರೂ ವರದಿಯಲ್ಲಿ ‘ಹ್ಯಾಡ್ ಈಟನ್’ ಎಂದು ಒಂದೇ ಆಗಬಹುದು. ಮೂರು ನದಿಗಳು ಕೂಡಿ ಒಂದು ಹೊಳೆಯಾದಂತೆ. ಆ ಹೊಳೆಯ ನೀರನ್ನು ಕನ್ನಡಕ್ಕೆ ಹಾಯಿಸುವವನು ಇದು ಯಾವ ನದಿಯ ನೀರೆಂದು ಪ್ರತಿ ಸಲವೂ ವಿಚಾರಿಸಬೇಕು. ವಿಚಾರಿಸದೆ ಎಲ್ಲವನ್ನೂ ‘ಇತ್ತು’ವಿನ ಕಾಲುವೆಗೆ ಬಿಟ್ಟರೆ ಅನುಮೋದನೆಗಳು ರದ್ದಾಗುವುವು, ನೇಮಕವಾದವರು ಕೆಲಸ ಕಳೆದುಕೊಳ್ಳುವರು, ಮದುವೆಯಾದವರ ಮದುವೆ ಮುರಿಯುವುದು.

ಇಂಗ್ಲಿಷರೂ ಈ ಕಟ್ಟಳೆಗೆ ದಾಸರಲ್ಲವೆಂಬುದನ್ನು ಇಲ್ಲಿ ಹೇಳಬೇಕು. 1930ರ ದಶಕದಿಂದ ನಮ್ಮ ಶಾಲೆಗಳಲ್ಲಿ ಪಾರಾಯಣವಾಗುತ್ತ ಬಂದ ರೆನ್ ಮತ್ತು ಮಾರ್ಟಿನರ ವ್ಯಾಕರಣದಿಂದ ನಾವು ಪರೋಕ್ಷ ಕಥನದ ಅಭ್ಯಾಸಗಳನ್ನು ಗುಣಾಕಾರದ ಮಗ್ಗಿಯಂತೆ ಕಲಿತೆವು: ‘ಹ್ಯಾಸ್’ ಇದ್ದರೆ ‘ಹ್ಯಾಡ್’ ಮಾಡು, ‘ವಿಲ್’ ಇದ್ದರೆ ‘ವುಡ್’ ಮಾಡು. ಇಂಗ್ಲಿಷನ್ನೇ ತಾಯ್ನುಡಿಯಾಗಿ ಉಳ್ಳವರು ಅಷ್ಟು ಮಡಿಯನ್ನು ಪಾಲಿಸುವುದಿಲ್ಲ. ಸಂಗತಿ ಈಗಲೂ ನಿಜವಾಗಿದ್ದರೆ, “ಅವಳು ದೆಹಲಿಗೆ ಹೋಗಿ ನೆಲಸಿದ್ದಾಳೆಂದು ನನಗೆ ಹೇಳಿದಳು” ಎಂಬಲ್ಲಿ ‘ಹ್ಯಾಸ್’ ಎಂಬುದನ್ನೇ ಉಳಿಸಿಕೊಳ್ಳುವರು. ಸಂಗತಿಯ ಹೊಣೆಯನ್ನು ತಾವು ಹೊರಲೊಲ್ಲದಾಗ, ಅದು ಹೇಳಿದವನ ಮಾತು ಮಾತ್ರವೆಂದು ದೂರ ನಿಲ್ಲಬೇಕಾದಾಗ, ‘ಹ್ಯಾಡ್’ ಎಂಬುದು ಅವರಿಗೆ ಒದಗಿಬರುವುದು. ಕನ್ನಡದಲ್ಲಿ ಆ ದೂರವನ್ನು ‘ಎಂದು’ವೇ ಕಾಯುವುದು, ಕಾಲವನ್ನು ಎಳೆದಾಡಬೇಕಾದುದಿಲ್ಲ.

ಆಡಿದ ಮಾತನ್ನು ಕಂಡ ಮಾತಿನಿಂದ ಬೇರ್ಪಡಿಸುವ ಚಿಂತೆ ನಮ್ಮ ದೇಶಕ್ಕೆ ಬಹಳ ಹಳೆಯದು. ಪಾಣಿನಿಯ ವ್ಯಾಕರಣದಲ್ಲಿ ಭೂತಕಾಲಕ್ಕೆ ಮೂರು ಲಕಾರಗಳುಂಟು. ಅವುಗಳಲ್ಲಿ ಲಿಟ್ ಎಂಬುದು ಹೇಳುವವನ ಕಣ್ಣಿಗೆ ಮರೆಯಾಗಿ ನಡೆದುದಕ್ಕೆ, ಎಂದರೆ ಪರೋಕ್ಷಭೂತಕ್ಕೆ, ಮೀಸಲು. ‘ಚಕಾರ’, ‘ಬಭೂವ’ ಎಂಬವು ಈ ಜಾತಿಯವು. ಇದನ್ನೇ ಪಾಶ್ಚಾತ್ಯ ಪಂಡಿತರು ಸಂಸ್ಕೃತದ ‘ಪರ್ಫೆಕ್ಟ್’ ಎಂದು ಕರೆದಿರುವರು. ಇಂಗ್ಲಿಷಿನ ‘ಪರ್ಫೆಕ್ಟ್’ ಬೇರೆ ಕೆಲಸ ಮಾಡುವುದು. ಹೆಸರೊಂದಾದ ಮಾತ್ರಕ್ಕೆ ಗೋತ್ರವೊಂದೇ ಎಂದು ತಿಳಿಯತಕ್ಕುದಲ್ಲ.

ಕನ್ನಡಕ್ಕೆ ಲಿಟ್ ಇಲ್ಲವಾದರೂ ಅದಕ್ಕಿಂತ ಚುರುಕಾದ ಸಾಧನವೊಂದು ಉಂಟು: ‘ಅಂತೆ’. “ಮನೆ ಕೊಂಡಿರಂತೆ” ಎಂದು ನೆರೆಯವರು ವಿಚಾರಿಸುವರಷ್ಟೆ. ಇಂಗ್ಲಿಷರು ಇದನ್ನು ‘ಐ ಹಿಯರ್’ ಎಂದು ಮೊದಲುಮಾಡಿ ‘ಯೂ ಹ್ಯಾವ್ ಬಾಟ್’ ಎಂದು ಮುಗಿಸಬೇಕು. ಇಷ್ಟು ಮಾತಿನ ಕೆಲಸವನ್ನು ನಾವು ಬಾಲಕ್ಕೆ ಅಂಟಿಸಿದ ಎರಡಕ್ಷರದಲ್ಲಿ ಮುಗಿಸುವೆವು. ಅವರ ವಾಕ್ಯವನ್ನು ಮಾತಿಗೆ ಮಾತು ಕನ್ನಡಿಸಿ, “ನೀವು ಮನೆಯನ್ನು ಕೊಂಡಿದ್ದೀರಿ ಎಂದು ನಾನು ಕೇಳುತ್ತೇನೆ” ಎಂದರೆ ನೆರೆಯವನು ಮನೆಯ ಪತ್ರವನ್ನು ತೋರಿಸಲು ಹೊರಡುವನು.

ಇಂತಹ ‘ಅಂತೆ’ಯನ್ನು ಪತ್ರಿಕೆಯವರು ಬೀದಿಯ ಮಾತೆಂದು ಹೊರಗಿಟ್ಟು ಅದರ ಸ್ಥಾನಕ್ಕೆ ಯಾವುದನ್ನು ತಂದರು? ‘ಎನ್ನಲಾಗಿದೆ’ ಎಂಬುದನ್ನು. ‘ಈಸ್ ಸೆಡ್ ಟು ಹ್ಯಾವ್’ ಎಂಬ ಇಂಗ್ಲಿಷು ಕಟ್ಟಿಗೆ ಹಾಕಿದ ಕನ್ನಡದ ಅಂಗಿಯಿದು. “ಆರೋಪಿಯು ಹಣದೊಡನೆ ಪರಾರಿಯಾಗಿದ್ದಾನೆ ಎನ್ನಲಾಗಿದೆ.” ಎಂದವರಾರು? ಪೊಲೀಸರೋ, ಪಕ್ಕದ ಮನೆಯವರೋ, ವರದಿಗಾರನೋ? ‘ಅಂತೆ’ಯೂ ಹೇಳಿದವನ ಹೆಸರು ಹೇಳುವುದಿಲ್ಲ, ನಿಜ. ಆದರೆ ಅದು ತಾನು ಕೇಳಿದ ಮಾತೆಂದು ತಲೆ ತಗ್ಗಿಸಿ ಒಪ್ಪಿಕೊಳ್ಳುವುದು. ‘ಎನ್ನಲಾಗಿದೆ’ಯಾದರೋ ದಫ್ತರದ ಮೊಹರು ಒತ್ತಿಸಿಕೊಂಡ ಗಾಂಭೀರ್ಯದಿಂದ ಬರುವುದು. ‘ಪರಾರಿಯಾಗಿದ್ದಾನೆ’ ಎಂಬುದು ಓದುವವನ ಮನಸ್ಸಿನಲ್ಲಿ ನಿಲ್ಲುವುದು, ಕೊನೆಯ ಮಾತು ಜಾರಿಹೋಗುವುದು. ಹೀಗೆ ಮಾನ ಕಳೆದುಕೊಂಡವರು ಎಷ್ಟು ಮಂದಿಯೋ.

ಪತ್ರಿಕೆಯ ತಪ್ಪಿಗೆ ಮರುದಿನ ತಿದ್ದುಪಡಿಯುಂಟು. ನ್ಯಾಯಾಲಯದಲ್ಲಿ ಅಷ್ಟು ಸುಲಭವಿಲ್ಲ. ನಮ್ಮ ಅಧೀನ ನ್ಯಾಯಾಲಯಗಳಲ್ಲಿ ಸಾಕ್ಷಿಯು ಕನ್ನಡದಲ್ಲಿ ನುಡಿಯುವನು. ಮೇಲ್ಮನವಿಯು ಹೈಕೋರ್ಟಿಗೆ ಹೋದಾಗ, ಸಂವಿಧಾನದ 348ನೆಯ ವಿಧಿಯಂತೆ ಅಲ್ಲಿಯ ವ್ಯವಹಾರವು ಇಂಗ್ಲಿಷಿನಲ್ಲಿ ಸಾಗುವುದರಿಂದ, ಆ ನುಡಿಗೆ ಭಾಷಾಂತರವಾಗಬೇಕು. “ಅವನು ಹೊಡೆದನಂತೆ” ಎಂದ ಹೆಂಗಸಿನ ಮಾತು ‘ಹಿ ಹ್ಯಾಡ್ ಹಿಟ್’ ಎಂದು ಇಳಿದರೆ ಕೇಳಿದ್ದು ಕಂಡದ್ದಾಯಿತು. ಸಾಕ್ಷಿಯು ತಾನು ಕಂಡುದನ್ನು, ಕೇಳಿದುದನ್ನು ನೇರವಾಗಿ ತಾನೇ ಹೇಳಬೇಕೆಂಬುದು 1872ರ ಸಾಕ್ಷ್ಯ ಅಧಿನಿಯಮದ 60ನೆಯ ಕಲಮಿನ ತತ್ವ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮವೂ ಅದನ್ನು ಉಳಿಸಿಕೊಂಡಿರುವುದು. ಆ ತತ್ವವೆಲ್ಲ ಕೆಲವು ವೇಳೆ ಎರಡಕ್ಷರದ ಮೇಲೆ ನಿಂತಿರುವುದೆಂಬುದನ್ನು ಭಾಷಾಂತರಕಾರರು ಮರೆಯಲಾಗದು. ಮರಣಕಾಲದ ಹೇಳಿಕೆಯನ್ನು ಆದಷ್ಟು ಹೇಳಿದವರ ಬಾಯಿಮಾತಿನಲ್ಲಿಯೇ ಬರೆದುಕೊಳ್ಳಬೇಕೆಂದು ನ್ಯಾಯಾಲಯಗಳು ಮತ್ತೆ ಮತ್ತೆ ಹೇಳುತ್ತ ಬಂದಿರುವುದು ವಿನಾಕಾರಣವಲ್ಲ.

ಇನ್ನು ‘ತಾನು’ ಎಂಬ ಸರ್ವನಾಮ. ರಂಗಯ್ಯನು ಸಿದ್ದಯ್ಯನಿಗೆ ‘ಹಿ ಹ್ಯಾಡ್ ಪೇಯ್ಡ್’ ಎಂದು ಹೇಳಿದನೆಂದರೆ ಹಣ ಕೊಟ್ಟವನು ಯಾರು? ರಂಗಯ್ಯನೋ, ಸಿದ್ದಯ್ಯನೋ, ಮೂರನೆಯವನೋ? “ತಾನು ಹಣ ಕೊಟ್ಟುದಾಗಿ ರಂಗಯ್ಯನು ಹೇಳಿದನು” ಎಂದರೆ ಸಂದೇಹವೇ ಇಲ್ಲ. ಕನ್ನಡವು ಎಲ್ಲೆಡೆಯೂ ಹೀಗೆ ನಿಷ್ಕಳಂಕವೆಂದು ನಾವು ಹೇಳುವವರಲ್ಲ. “ನಾನು ಕಳ್ಳನೆಂದು ಅವನು ಹೇಳಿದನು” ಎಂಬಲ್ಲಿ ಅವನು ತಪ್ಪೊಪ್ಪಿಕೊಂಡನೋ ನಮ್ಮನ್ನು ಬೈದನೋ ದೇವರಿಗೇ ಗೊತ್ತು. ಅಂತಹ ಕಡೆ ‘ತಾನು’ವನ್ನು ಬಳಸುವುದು ಹಿರಿಯರ ಪದ್ಧತಿ. ಈಗಿನ ಬರಹದಲ್ಲಿ ಅದು ಅಪರೂಪವಾಗುತ್ತಿರುವುದನ್ನು ಕಂಡು ವ್ಯಸನವಾಗುವುದು.

ಇದೇ ದೋಷ ಎದುರು ದಿಕ್ಕಿನಲ್ಲಿಯೂ ಹರಿಯುವುದು. ರಾಜಾಜಿನಗರದಿಂದ ಬಸವೇಶ್ವರನಗರದವರೆಗೆ ಬೀದಿಗೊಂದರಂತೆ ಇಂಗ್ಲಿಷು ಮಾತು ಕಲಿಸುವ ತರಗತಿಗಳು ನಡೆಯುತ್ತಿರುವುವು. ಅಲ್ಲಿಂದ ಬರುವ ಹುಡುಗರ ಇಂಗ್ಲಿಷಿನಲ್ಲಿ “ನಿನ್ನೆ ಮೈಸೂರಿಗೆ ಹೋಗಿದ್ದೆ” ಎಂಬುದು ‘ಐ ಹ್ಯಾಡ್ ಗಾನ್’ ಎಂದಾಗುವುದು. ನಮ್ಮ ‘ಹೋಗಿದ್ದೆ’ಯಲ್ಲಿ ಹೋದುದೂ ಹಿಂತಿರುಗಿದುದೂ ಅಡಗಿದೆ. ಇಂಗ್ಲಿಷಿನವನು ‘ಹ್ಯಾಡ್’ ಕೇಳಿದೊಡನೆ, ಅಷ್ಟರಲ್ಲಿ ಮತ್ತೇನಾಯಿತೆಂದು ಮುಂದಿನ ಮಾತಿಗೆ ಕಾಯುತ್ತ ಕೂರುವನು. “ನಿನ್ನೆ ನೋಡಿದ್ದೇನೆ” ಎಂಬ ನಿರ್ದೋಷವಾದ ಕನ್ನಡವು ‘ಹ್ಯಾವ್ ಸೀನ್ ಯೆಸ್ಟರ್ಡೇ’ ಎಂದಾಗಿ ಪರೀಕ್ಷೆಯಲ್ಲಿ ಅಂಕ ಕಳೆಯುವುದು. ದಿನವನ್ನು ಹೆಸರಿಸಿದ ಮೇಲೆ ‘ಹ್ಯಾವ್’ ಅವರಿಗೆ ಒಗ್ಗದು. ಹುಡುಗರನ್ನು ನಗುವವರು, ಅವರು ಕನ್ನಡವನ್ನು ಸರಿಯಾಗಿಯೇ ಆಡಿದರೆಂಬುದನ್ನು ಗಮನಿಸಬೇಕು. ಎರಡು ಭಾಷೆಗಳನ್ನು ಪಕ್ಕಪಕ್ಕದಲ್ಲಿಟ್ಟು ಈ ಅಂತರವನ್ನು ತೋರಿಸಿಕೊಡುವ ಉಪಾಧ್ಯಾಯರು ವಿರಳ. ಕನ್ನಡದ ವ್ಯಾಕರಣವನ್ನು ಕನ್ನಡದಿಂದಲೇ ತೆಗೆಯಬೇಕೆಂದು ಡಿ. ಎನ್. ಶಂಕರ ಭಟ್ಟರು ವಾದಿಸಿ ಪುಸ್ತಕ ಬರೆದು ಎರಡು ದಶಕಗಳು ಕಳೆದುವು. ಅವರ ಎಲ್ಲ ತೀರ್ಮಾನಗಳನ್ನೂ ನಾವು ಒಪ್ಪೆವು, ಆದರೆ ಈ ಒಂದು ವಿಷಯದಲ್ಲಿ ಅವರ ಮಾತಿಗೆ ಶಾಲೆಗಳು ಕಿವಿಗೊಡಬೇಕಾಗಿದ್ದಿತು.

ನಮ್ಮ ಮನೆಯನ್ನು ನಾವು ಗುಡಿಸಿಕೊಳ್ಳುವುದು ಮೊದಲು. ಸೋಮವಾರದಿಂದ ಈ ಪತ್ರಿಕೆಯಲ್ಲಿ, ನಮ್ಮ ವರದಿಗಾರನು ಸಭೆಯಲ್ಲಿ ಕುಳಿತು ಕೇಳಿದ ಮಾತಿಗೆ ‘ಹೇಳಿದರು’ ಎಂದೂ, ಕಾಗದದ ಮೂಲಕ ಬಂದ ಹೇಳಿಕೆಗೆ ‘ತಿಳಿಸಿದ್ದಾರೆ’ ಎಂದೂ ಬರೆಯುವರು. ‘ಎನ್ನಲಾಗಿದೆ’ ಎಂಬುದನ್ನು ಯಾರಾದರೂ ಬರೆದರೆ, ಎಂದವರ ಹೆಸರನ್ನು ಕೇಳಲಾಗುವುದು; ಹೆಸರು ಸಿಕ್ಕದಿದ್ದರೆ ವಾಕ್ಯವನ್ನು ತೆಗೆಯಲಾಗುವುದು. ‘ಹ್ಯಾಡ್’ ಬಂದ ಕಡೆಯಲ್ಲೆಲ್ಲ ಸಂಗತಿ ಈಗಲೂ ಇದೆಯೆ ಇಲ್ಲವೆ ಎಂದು ದೂರವಾಣಿಯಲ್ಲಿ ವಿಚಾರಿಸಿಕೊಳ್ಳತಕ್ಕುದೆಂದು ಉಪಸಂಪಾದಕರಿಗೆ ಅಪ್ಪಣೆಯಾಗಿದೆ. ಶಿರಸ್ತೆದಾರರ ಮಗಳ ಬಡಾವಣೆಗೆ ಅನುಮೋದನೆ ದೊರೆತಿದೆ. ಕೆಲಸ ಇನ್ನೂ ಪ್ರಾರಂಭವಾಗಿಲ್ಲವಾದುದರಿಂದ, ಸಹಿ ಹಾಕಿಸಿದ ಮನವಿಯನ್ನು ಹರಿಯಬೇಡಿರೆಂದು ಅವರಿಗೆ ಹೇಳಿ ಕಳುಹಿಸಿದ್ದೇವೆ.